ಎರಡು ಬೆರಳಿನ ಕೆಲಸ

ನಾನು ಸುಳ್ಳು ಹೇಳಿಲ್ಲ. ಏಳು ವರ್ಷದಿಂದ ನನಗೆ ನಾನೇ ಇದನ್ನು ಹೇಳಿಕೊಂಡು ಬಂದಿದ್ದೇನೆ. ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ. ಬಾಯಿ ಮುಚ್ಚಿಕೊಂಡಿರುವುದು ನನ್ನ ಸ್ವಭಾವವಲ್ಲ ಅಂತ ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾರುತೇಶನ ಗ್ಯಾರೇಜಿಗೆ ಹೋದರೆ ಬೈಕಿಗೆ ಆಯಿಲ್ಲು, ಬೈಕ್ ತಂದವನಿಗೆ ಬೈಗುಳ, ಎರಡೂ ಧಾರಾಳ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಇಂಥ ನಾನು ಬಾಯಿ ಬಿಡಲೇಬೇಕಾದ ಒಂದೇ ಒಂದು ಕಡೆ ಬಿಡಲಿಲ್ಲ.

ಗ್ಯಾರೇಜು ಮೊದಲು ನನ್ನದಲ್ಲ, ನಮ್ಮ ಮಾವನದು. ದೊಡ್ಡಪಾಲಯ್ಯ ಅಂತ, ನಮ್ಮ ಅವ್ವನ ತಮ್ಮ. ನಾನು ಹತ್ತನೇ ಕ್ಲಾಸು ಫೇಲಾದ ವರ್ಷ ಅವ್ವ ನನ್ನನ್ನು ಕರೆದುಕೊಂಡು ಬಂದು ಅವರ ಕೈಗೆ ಒಪ್ಪಿಸಿದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಪಕ್ಕದಲ್ಲಿ ಕೂತು ಕಲಿತೆ. ಮಾವ ಓದಿದ್ದು ನಾಲ್ಕನೇ ಕ್ಲಾಸು. ಆದರೆ ತುಕ್ಕು ಹಿಡಿದು ಕೂತ ಬೋಲ್ಟು ಬಿಚ್ಚುವುದರಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲ. ರಾಂಪುರದಿಂದ, ಹಿರಿಯೂರಿನಿಂದ, ಗಡಿಯಾಚೆಯ ರಾಯದುರ್ಗದಿಂದಲೂ ಬೇರೆ ಮೆಕ್ಯಾನಿಕ್‌ಗಳು ಕೈಬಿಟ್ಟ ಇಂಜಿನ್ನುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ರಾಯದುರ್ಗದವರು "ಆಯನ ಚೇತಿಕಿ ಚೆವುಲು ಉನ್ನಾಯಿ" ಅನ್ನುತ್ತಿದ್ದರು, ಅವರ ಕೈಗೆ ಕಿವಿಗಳಿವೆ ಅಂತ. ಸುಳ್ಳಲ್ಲ. ಸಂತೆಯಲ್ಲಿ ಕುಂಬಳಕಾಯಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮಾವ ಹೇಳಿದ ತೂಕಕ್ಕೂ ತಕ್ಕಡಿ ಹೇಳಿದ ತೂಕಕ್ಕೂ ನೂರು ಗ್ರಾಮಿನ ವ್ಯತ್ಯಾಸ ಬಂದದ್ದನ್ನು ನಾನು ಕಾಣೆ.

ಅವರ ಕೆಲಸದಲ್ಲಿ ಅವಸರ ಅನ್ನುವುದೇ ಇರಲಿಲ್ಲ. ಹಟ ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಸೀಮೆಎಣ್ಣೆ ಹಾಕಿ ನೆನೆಸಬೇಕು. ಮಾರನೇ ದಿನ ಸುತ್ತಲಿನ ಲೋಹ ಬಿಸಿ ಮಾಡಿ, ಬಿಸಿ ಆರುವ ಮೊದಲೇ ಮೇಣದ ಬತ್ತಿ ಮುಟ್ಟಿಸಬೇಕು. ಕರಗಿದ ಮೇಣ ತಾನಾಗಿ ಥ್ರೆಡ್ಡಿನ ಸಂದಿಗೆ ಇಳಿಯುತ್ತದೆ. ಆಮೇಲೂ ಬಿಚ್ಚುವ ಹಾಗಿಲ್ಲ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು.

"ಕುಂತೋನ್ನ ಎಬ್ಬಿಸ್ಬೇಕು ಅಂದ್ರೆ ಮೊದ್ಲು ಒಂಚೂರು ನೆಟ್ಟಗೆ ಕೂರಿಸ್ಬೇಕು ಕಣಲೇ. ಆಮ್ಯಾಕೆ ತಾನೇ ಏಳ್ತಾನೆ" ಅನ್ನುತ್ತಿದ್ದರು.

ಕೊನೆಗೆ ಬೋಲ್ಟಿಗೆ ಹಾಕಿದ ಪಾನಾದ ತುದಿಗೆ ಎರಡೇ ಎರಡು ಬೆರಳು. ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಿದ್ದರು.

ಗ್ಯಾರೇಜಿಗೆ ಒಂದು ಕಟ್ಟಳೆಯಿತ್ತು. ಯಾರ ಕೈಯಲ್ಲಿ ಬೋಲ್ಟು ಕೆಟ್ಟರೂ ಅವನು ಕೈ ಒರೆಸಿಕೊಳ್ಳುವ ಮೊದಲೇ "ಹೋಯ್ತು!" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು. ಕೂಗಿದವನಿಗೆ ಮಾವ ಒಂದು ಮಾತೂ ಅನ್ನುತ್ತಿರಲಿಲ್ಲ, ಎಲ್ಲರಿಗೂ ಟೀ ತರಿಸುತ್ತಿದ್ದರು. ಟೀ ಮುಗಿಯುವವರೆಗೆ ಇಂಜಿನ್ ಮುಟ್ಟುವ ಹಾಗಿಲ್ಲ. ಕೈ ಬೆದರಿದಾಗ ಮುಟ್ಟಿದರೆ ಎರಡನೆಯದೂ ಮುರಿಯುತ್ತದೆ ಅನ್ನುವುದು ಅವರ ಲೆಕ್ಕ. ಮುರಿದು ತೆಗೆದ ಚೂರುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಆಯುಧಪೂಜೆಯ ದಿನ ಪಾನಾ, ಸುತ್ತಿಗೆಗಳ ಜೊತೆ ಆ ಡಬ್ಬಿಗೂ ಕುಂಕುಮ ಬೀಳುತ್ತಿತ್ತು. "ಇವೇ ಕಣಲೇ ನನ್ನ ಮೇಷ್ಟ್ರುಗಳು" ಅನ್ನುತ್ತಿದ್ದರು.

ಮಾವನಿಗೆ ಜೀವನದಲ್ಲಿ ಇದ್ದ ಭಯ ಒಂದೇ. ಅವರ ಅಪ್ಪನಿಗೆ ಅರವತ್ತು ದಾಟಿದ ಮೇಲೆ ಕೈನಡುಕ ಬಂತು. ಮುದ್ದೆ ಮುರಿದುಕೊಳ್ಳಲೂ ಆಗದೆ ಇನ್ನೊಬ್ಬರ ಕೈತುತ್ತು ತಿಂದು ಹೋದರು. ಹಾಗಾಗಿ ಮಾವ ಬೆಳಗ್ಗೆ ಶೆಟರ್ ಎತ್ತಿದ ಕೂಡಲೇ ಬೆಳಕಿಗೆ ಎರಡೂ ಕೈ ಚಾಚಿ ನೋಡಿಕೊಳ್ಳುತ್ತಿದ್ದರು. ನಡುಗುತ್ತಿಲ್ಲ ಅಂತ ಖಾತ್ರಿಯಾದ ಮೇಲೆಯೇ ದೇವರ ಫೋಟೋಗೆ ಊದುಬತ್ತಿ.

ಏಳು ವರ್ಷದ ಹಿಂದಿನ ಆ ದಿನವೂ ಚಾಚಿ ನೋಡಿಕೊಂಡಿದ್ದರು. ಅವರಿಗಾಗ ಅರವತ್ತಮೂರು. ಈರುಳ್ಳಿ ವ್ಯಾಪಾರದ ವಿಶ್ವನಾಥ್ ಅವರ ತಂದೆ ಓಡಿಸುತ್ತಿದ್ದ ಹಳೆಯ ಬೈಕು ಬಂದಿತ್ತು. ಇಂಜಿನ್ನಿನ ಹೆಡ್ಡು ಇಳಿಸಬೇಕು, ಅದಕ್ಕೆ ಮೊದಲು ಸೈಲೆನ್ಸರ್ ಕಳಚಬೇಕು. ಸೈಲೆನ್ಸರನ್ನು ಹೆಡ್ಡಿಗೆ ಹಿಡಿಸುವ ತಲೆಯಿಲ್ಲದ ಬೋಲ್ಟುಗಳು, ಅಂದರೆ ಎರಡು ಸ್ಟಡ್ಡುಗಳೂ ತುಕ್ಕು ತಿಂದು ನಟ್ಟಿನ ಜೊತೆ ಒಂದಾಗಿ ಹೋಗಿದ್ದವು. ಮಾವ ಹಿಂದಿನ ದಿನವೇ ನೆನೆಸಿಟ್ಟಿದ್ದರು.

ಬೆಳಗ್ಗೆ ನನಗೂ ಮಾವನಿಗೂ ಜಗಳವಾಗಿತ್ತು. ಗಾಳಿಯ ಒತ್ತಡದಲ್ಲಿ ನಟ್ಟು ಬಿಚ್ಚುವ ಗನ್ನು ತರೋಣ, ಊರಿನ ಬೇರೆ ಗ್ಯಾರೇಜಿನವರೆಲ್ಲ ತಂದಿದ್ದಾರೆ, ಒಂದು ದಿನದ ಕೆಲಸ ಒಂದು ಗಂಟೆಯಲ್ಲಿ ಆಗುತ್ತೆ ಅಂದೆ. ಮಾವ ವಿಶ್ವನಾಥ್ ಅವರ ಕಡೆ ತಿರುಗಿ ನಕ್ಕರು. "ನೋಡ್ರಿ ಸಾವ್ಕಾರ್ರೇ, ನಮ್ಮ ಮಾರುತೇಶಂಗೆ ಕೈಗಿಂತ ಬಾಯಿ ಮುಂದು. ಗನ್ನಿಗೆ ಕಿವಿ ಇರ್ತಾವೇನ್ರಿ?" ವಿಶ್ವನಾಥ್ ಕೂಡ ನಕ್ಕರು. ಮಾವ ತಮಾಷೆಗೆ ಅಂದದ್ದು. ನನಗೆ ಮಾತ್ರ ಮೆಣಸಿನಕಾಯಿ ಇಟ್ಟ ಹಾಗಾಯಿತು. ಸಿಟ್ಟು ನನಗೆ ಯಾವತ್ತೂ ಮೂಗಿನ ತುದಿಯಲ್ಲೇ.

ಮಧ್ಯಾಹ್ನ ಮಾವ ಊಟಕ್ಕೆ ಹೋದರು. ಗ್ಯಾರೇಜಿನಲ್ಲಿ ನಾನೊಬ್ಬನೇ. ಬರುವಷ್ಟರಲ್ಲಿ ಎರಡೂ ಸ್ಟಡ್ಡು ತೆಗೆದು ಮುಂದೆ ಇಟ್ಟು, ಯಾರ ಕೈ ಮುಂದು ಅಂತ ತೋರಿಸಿಬಿಡೋಣ ಅನ್ನಿಸಿತು. ಪಾನಾಕ್ಕೆ ಎರಡು ಅಡಿಯ ಕಬ್ಬಿಣದ ಪೈಪು ಸಿಕ್ಕಿಸಿ ಎಳೆದೆ. ಬಿಸಿ ಮಾಡಲಿಲ್ಲ, ಮೇಣ ಹಚ್ಚಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲನೆಯ ಸ್ಟಡ್ಡು ತಿರುಗಿತು, ಆದರೆ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಳ್ಳುವ ನಟ್ಟು ಕೈಗೆ ಹಗುರಾಗುತ್ತದೆ. ಇದು ಮೆತ್ತಗಾಯಿತು, ಬೆಲ್ಲದ ಪಾಕ ಎಳೆದ ಹಾಗೆ. ಸ್ಟಡ್ಡು ಒಳಗೇ ತಿರುಚಿಕೊಂಡು ಹರಿಯುತ್ತಿದೆ, ಇನ್ನು ಉಸಿರು ಬಿಟ್ಟರೆ ಸಾಕು ಮುರಿಯುತ್ತದೆ ಅಂತ ನನಗೆ ಗೊತ್ತಾಯಿತು. ಇಪ್ಪತ್ತು ವರ್ಷ ಅವರ ಕೈಕೆಳಗೆ ಇದ್ದವನಿಗೆ ಅಷ್ಟೂ ಗೊತ್ತಾಗದೆ ಇರುತ್ತದೆಯೇ?

ಪೈಪು ತೆಗೆದು ಮೂಲೆಗೆ ಇಟ್ಟೆ. ಕೈ ಒರೆಸಿಕೊಂಡೆ.

ಮಾವ ಬಂದರು, ಕೈ ತೊಳೆದುಕೊಂಡರು, ಕೂತರು. ವಿಶ್ವನಾಥ್ ಬಂದು ಪಕ್ಕದಲ್ಲಿ ನಿಂತರು. ಮಾವ ಬಿಸಿ ಮಾಡಿದರು, ಮೇಣ ಮುಟ್ಟಿಸಿದರು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂತ ನಾನು ಇನ್ನೊಂದು ಬೈಕಿನ ಚೈನು ತೊಳೆಯುತ್ತ ಕೂತಿದ್ದೆ. ವಿಶ್ವನಾಥ್ ಎದುರಿಗೆ ಹೇಳುವುದು ಹೇಗೆ ಅನ್ನುವುದೊಂದೇ ನನ್ನ ತಲೆಯಲ್ಲಿ. ಮಾವ ಎರಡು ಬೆರಳು ಇಟ್ಟರು, ಕಣ್ಣು ಮುಚ್ಚಿದರು.

ಟಿಕ್ ಅಂತು. ಅಷ್ಟೇ ಸದ್ದು.

ಮಾವ ಪಾನಾ ನೋಡಿದರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಅವರ ಕಟ್ಟಳೆಯಂತೆ ಅವರೇ ಕೂಗಿದರು, "ಹೋಯ್ತು." ಆ ದನಿ ಪಕ್ಕದಲ್ಲಿ ನಿಂತ ವಿಶ್ವನಾಥ್ ಅವರಿಗೂ ಸರಿಯಾಗಿ ಕೇಳಿಸಿತೋ ಇಲ್ಲವೋ.

"ವಯಸ್ಸಾಯ್ತು ಬಿಡ್ರಿ ಪಾಲಯ್ಯ, ಎಷ್ಟು ದಿನ ಅಂತ ನಡೀತೈತೆ" ಅಂದರು ವಿಶ್ವನಾಥ್. ಕೆಟ್ಟ ಮನುಷ್ಯರಲ್ಲ. ಸಮಾಧಾನಕ್ಕೆ ಅಂದದ್ದು.

ಟೀ ಬಂತು. ನಾನೂ ಕುಡಿದೆ. ಟೀ ಆದ ಮೇಲೆ ಮಾವ ಒಳಗೆ ಉಳಿದ ತುಂಡಿಗೆ ತೂತು ಕೊರೆದು, ಎಡಕ್ಕೆ ತಿರುಗಿಸಿ ಎಳೆಯುವ ಗಟ್ಟಿ ಉಕ್ಕಿನ ಕಡ್ಡಿ ಹಾಕಿದರು. ಬೆದರಿದ ಕೈ. ಕಡ್ಡಿಯೂ ಒಳಗೇ ಮುರಿಯಿತು. ಅದನ್ನು ಯಾವ ಡ್ರಿಲ್ಲೂ ಕೊರೆಯುವುದಿಲ್ಲ. ಹೆಡ್ಡು ಹೋಯಿತು. ಎರಡನೇ ಸಲ "ಹೋಯ್ತು" ಅಂದರು, ಹೊರಗಿನ ಮುರುಕು ಚೂರನ್ನು ನೋಡದೆಯೇ ಡಬ್ಬಿಗೆ ಹಾಕಿದರು, ಮನೆಗೆ ಹೊರಟುಹೋದರು.

ನಾಳೆ ಹೇಳೋಣ ಅಂದುಕೊಂಡೆ. ಮಾರನೇ ದಿನ ಅವರು ಬರಲಿಲ್ಲ. ಮೂರನೇ ದಿನ ಬಂದು ಕೀಲಿಕೈ ನನ್ನ ಮುಂದೆ ಇಟ್ಟರು.

"ನಂಗೆ ಏನೂ ಕೇಳಿಸ್ಲಿಲ್ಲ ಕಣೋ ಮಾರುತೇಶ. ಅದು ಹರಿಯೋದು ಕೈಗೆ ಗೊತ್ತಾಗ್ಬೇಕಿತ್ತು, ಗೊತ್ತಾಗ್ಲಿಲ್ಲ. ನಮ್ಮಪ್ಪಂದು ನಂಗೂ ಬಂತು. ಇನ್ನೊಬ್ರ ಗಾಡಿ ಹಾಳು ಮಾಡೋಕೆ ಮುಂಚೆ ಎದ್ದು ಹೋಗ್ತೀನಿ."

"ಡಾಕ್ಟ್ರ ಹತ್ರ ಹೋಗೋಣ ಬರ್ರಿ ಮಾವ" ಅಂದೆ. ನೋಡಿ, ಅಷ್ಟು ದೂರದ ಮಾತು ಬಾಯಿಗೆ ಬಂತು, ಹತ್ತಿರದ್ದು ಬರಲಿಲ್ಲ.

"ಗೊತ್ತಿರೋದನ್ನ ಕೇಳೋಕೆ ಯಾಕೆ ಹೋಗ್ಬೇಕಲೇ" ಅಂದರು.

ನಿಜ ಹೇಳಿಬಿಡುತ್ತೇನೆ. ಆಗ ನನ್ನೊಳಗೆ ಒಂದು ಮೂಲೆಯಲ್ಲಿ ಖುಷಿಯೂ ಆಗಿತ್ತು. ತಿಂಗಳಲ್ಲೇ ಗನ್ನು ತಂದೆ. ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿದೆ. ಮಾವನ ಡಬ್ಬಿಯನ್ನು ಮಾತ್ರ ಅಟ್ಟದ ಮೇಲೆ ಇಟ್ಟಿದ್ದೆ. ವರ್ಷಕ್ಕೊಂದು ಸಲ ಮುಚ್ಚಳ ತೆಗೆಯದೆ ಕುಂಕುಮ ಹಚ್ಚುತ್ತಿದ್ದೆ.

ಮಾವ, ಸೂರಮ್ಮತ್ತೆ ಇಬ್ಬರೂ ಮೊಳಕಾಲ್ಮೂರಿಗೆ ಹೋದರು. ಅದು ಅತ್ತೆಯ ತವರೂರು, ಮಗಳು ನಿರ್ಮಲಾಳನ್ನು ಕೊಟ್ಟದ್ದೂ ಅಲ್ಲೇ. ಅತ್ತೆ ನೇಕಾರರ ಮನೆಯಿಂದ ರೇಷ್ಮೆ ನೂಲು ತಂದು ರಾಟೆಯಲ್ಲಿ ಸುತ್ತಿ ಕೊಡುತ್ತಾಳೆ. ಮಾವ ಜಗಲಿಯ ಮೇಲೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ನೂಲು ಮುಟ್ಟುವುದಿಲ್ಲ, ಕೆಡುತ್ತೆ ಅಂತ. ಗಡ್ಡ ತಾವೇ ಕೆರೆದುಕೊಳ್ಳುವುದಿಲ್ಲ, ಕುಯ್ಯುತ್ತೆ ಅಂತ. ಅವರು ಅಲ್ಲಿಗೆ ಹೋದ ಮರುವರ್ಷ ನಿರ್ಮಲಾಳಿಗೆ ಹೆಣ್ಣು ಕೂಸು ಹುಟ್ಟಿತು. ಗೌರಸಮುದ್ರದ ಮಾರಮ್ಮನ ಹರಕೆಯ ಕೂಸು, ಶಾಲೆಯಲ್ಲಿ ಏನೋ ಉದ್ದನೆಯ ಹೆಸರು, ಮನೆಯಲ್ಲಿ ಮಾರಕ್ಕ. ಹೆಸರಿಡುವ ದಿನ ನಿರ್ಮಲಾ "ಎತ್ಕೊಳ್ಳಪ್ಪಾ" ಅಂತ ಕೂಸನ್ನು ಮುಂದೆ ಹಿಡಿದಳು. ಮಾವ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದರು. "ಬ್ಯಾಡಮ್ಮಾ, ಬಿದ್ದೀತು ಕೂಸು" ಅಂದರು. ಆಗ ಅವರ ಕೈ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಬಲ್ಲವನು ನಾನೊಬ್ಬನೇ. ನಾನು ಅಲ್ಲೇ ಎದುರಿಗೆ ಕೂತು ಹೋಳಿಗೆ ತಿನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ನಡುಕ ನಿಜವಾಗಿಯೂ ಬಂತು ಅಂತ ಅತ್ತೆ ಫೋನ್ ಮಾಡಿದಾಗ ನನ್ನ ಎದೆಯ ಭಾರ ಇಳಿದಂತಾಯಿತು. ನೋಡು, ಬರಬೇಕಾದ್ದು ಬಂದೇ ಬಂತಲ್ಲ, ನನ್ನದೇನಿದೆ ಅಂದುಕೊಂಡೆ. ಇದಕ್ಕಿಂತ ಕೀಳಾಗಿ ನಾನು ಯಾವತ್ತೂ ಯೋಚನೆ ಮಾಡಿಲ್ಲ.

ಹೋದ ವಾರ ರಾಂಪುರದ ಅಂಜಿನೇಯ ಅನ್ನುವ ರೈತ ಬೈಕು ತಂದ. ಸೈಲೆನ್ಸರ್ ಲೀಕು, ಅದೇ ಥರದ ತುಕ್ಕಿನ ಸ್ಟಡ್ಡು. ಗನ್ನು ಎಷ್ಟೇ ಇರಲಿ, ಇಂಥ ಸ್ಟಡ್ಡಿಗೆ ನಾನು ಈಗಲೂ ಹಚ್ಚುವುದು ಮೇಣವೇ. ಎರಡು ಬೆರಳು ಇಟ್ಟೆ. ಟಿಕ್ ಅಂತು.

ನನ್ನ ಕೈ ನಾನು ನೋಡಿಕೊಂಡೆ. ನನಗೂ ನಲವತ್ತೇಳು. ಅವ್ವನ ಕಡೆಯ ರಕ್ತ ನನ್ನಲ್ಲೂ ಹರಿಯುತ್ತಿದೆ. ಕೈಗೆ ಏನೂ ಕೇಳಿಸಿರಲಿಲ್ಲ. "ಹೋಯ್ತು" ಅಂತ ಕೂಗಲು ಹೋದರೆ ದನಿ ಹೊರಡಲಿಲ್ಲ. ಟೀ ಬಂತು. ಲೋಟ ಹಿಡಿದುಕೊಂಡು, ನಡುಗುತ್ತಿದೆಯಾ ಇಲ್ಲವಾ ಅಂತ ಟೀಯನ್ನೇ ನೋಡುತ್ತ ಕೂತೆ.

ಅಂಜಿನೇಯ ತನ್ನ ಲೋಟ ಕೆಳಗಿಟ್ಟ. "ಅಣ್ಣ, ಬೈಬ್ಯಾಡ್ರಿ. ನಿನ್ನೆ ಮನೇಲಿ ನಾನೇ ಪೈಪ್ ಹಾಕಿ ತಿರುವಿದ್ದೆ. ಅದ್ಯಾಕೋ ಮೆತ್ತಗಾಯ್ತು, ಬಿಟ್ಟೆ. ಹೇಳೋಕೆ ನಾಚಿಕೆ ಆಯ್ತು. ನಿಮ್ಮ ಕೈದೇನೂ ತಪ್ಪಿಲ್ಲ."

ಬೇರೆ ದಿನವಾಗಿದ್ದರೆ ಅವನ ಕಪಾಳಕ್ಕೆ ಬಾರಿಸುತ್ತಿದ್ದೆ. ಎದ್ದೇಬಿಟ್ಟಿದ್ದೆ ಕೂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಎದ್ದವನು ಅಲ್ಲೇ ನಿಂತೆ.

"ಈಗ ಯಾಕೆ ಹೇಳ್ದೆ?" ಅಂತ ಕೇಳಿದೆ.

"ನಿಮ್ಮ ಮುಖ ನೋಡೋಕಾಗ್ಲಿಲ್ಲಣ್ಣ."

ಅವನಿಗೆ ನನ್ನ ಮುಖವನ್ನು ಹತ್ತು ನಿಮಿಷ ನೋಡಲಾಗಲಿಲ್ಲ. ನಾನು ಮಾವನ ಮುಖವನ್ನು ಏಳು ವರ್ಷ ನೋಡಿದ್ದೆ.

ಮುರಿದ ತುಂಡಿಗೆ ನಟ್ಟು ಕೂರಿಸಿ ವೆಲ್ಡಿಂಗ್ ಮಾಡಿ, ಬಿಸಿಯಲ್ಲೇ ಮೇಣ ಇಳಿಸಿ, ಒಂದು ಕೂದಲೆಳೆ ಬಿಗಿ ಮಾಡಿ, ತೆಗೆದೆ. ನುಣ್ಣಗೆ ಬಂತು. ಅಂಜಿನೇಯನನ್ನು ಊರಿಗೆ ಕಳಿಸಿದ ಮೇಲೆ ಅಟ್ಟದಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಎಲ್ಲದರ ಮೇಲೆ ಮಾವ ಕಡೆಯದಾಗಿ ಹಾಕಿದ ಚೂರು ಇತ್ತು. ಅದರ ಥ್ರೆಡ್ಡುಗಳೆಲ್ಲ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು, ಕತ್ತು ಸಣ್ಣಗಾಗಿತ್ತು. ಒಂದೇ ಒಂದು ಸಲ ಅದನ್ನು ಕಣ್ಣಿಟ್ಟು ನೋಡಿದ್ದರೆ ಮಾವನಿಗೆ ಆವತ್ತೇ ಎಲ್ಲ ತಿಳಿಯುತ್ತಿತ್ತು. ಜೇಬಿಗೆ ಹಾಕಿಕೊಂಡು ಶೆಟರ್ ಎಳೆದು ಮೊಳಕಾಲ್ಮೂರಿಗೆ ಹೊರಟೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೇಳಿದರೆ ಮಾವನ ಮನಸ್ಸು ಹಗುರಾಗುತ್ತೆ, ನಿಮ್ಮ ಕೈ ಕೆಟ್ಟಿರಲಿಲ್ಲ ಮಾವ ಅಂದರೆ ಖುಷಿಪಡುತ್ತಾರೆ, ಎರಡು ಏಟು ಹಾಕಿ ಕ್ಷಮಿಸುತ್ತಾರೆ. ಹೀಗೆಲ್ಲ ಅಂದುಕೊಂಡೆ. ನಾನು ಹಗುರಾಗುವುದಕ್ಕೆ ಹೋಗುತ್ತಿದ್ದೇನೆ ಅಂತ ಆಗ ಹೊಳೆಯಲಿಲ್ಲ.

ಮಾವ ಜಗಲಿಯ ಮೇಲೆ ಎಂದಿನಂತೆ ಅಂಗೈಗಳ ಮೇಲೆ ಕೂತಿದ್ದರು. ಒಳಗೆ ಅತ್ತೆಯ ರಾಟೆ ತಿರುಗುತ್ತಿತ್ತು.

"ಏನಲೇ, ಕೆಲ್ಸದ ದಿನ ಬಂದೀಯ? ಅವ್ವ ಚೆನ್ನಾಗವ್ಳಾ?"

"ಚೆನ್ನಾಗವ್ಳೆ ಮಾವ. ಒಂದು ಸಾಮಾನು ತೋರಿಸ್ಬೇಕಿತ್ತು" ಅಂತ ಚೂರನ್ನು ಮುಂದೆ ಹಿಡಿದೆ. ಜೋಡಿಸಿಕೊಂಡ ಮಾತೆಲ್ಲ ಮೊಳಕಾಲ್ಮೂರಿಗೆ ಮೊದಲು ಸಿಗುವ ಹಾನಗಲ್ ದಾಟುವಷ್ಟರಲ್ಲೇ ಮರೆತುಹೋಗಿತ್ತು.

ಮಾವ ಬಲಗೈಯನ್ನು ತೊಡೆಯ ಕೆಳಗಿನಿಂದ ಎಳೆದುಕೊಂಡರು. ಕೈ ಅಲುಗುತ್ತಿತ್ತು. ಎರಡು ಸಲ ತಪ್ಪಿ ಮೂರನೇ ಸಲ ಚೂರು ಅವರ ಬೆರಳಿಗೆ ಸಿಕ್ಕಿತು. ಹೆಬ್ಬೆರಳಿಂದ ಥ್ರೆಡ್ಡು ಸವರಿದರು. ಕಣ್ಣು ಮುಚ್ಚಿದರು.

"ಇದು ಎರಡು ಬೆರಳಿನ ಕೆಲ್ಸ ಅಲ್ಲ. ಪೈಪ್ ಹಾಕಿ ಎಳ್ದವ್ರೆ. ಹಸೀದಲ್ಲೇ ಎಳ್ದವ್ರೆ, ಬಿಸಿನೂ ಮಾಡಿಲ್ಲ. ಯಾವ ಗಾಡೀದು?"

"ವಿಶ್ವನಾಥ್ ಸಾವ್ಕಾರ್ರದು ಮಾವ. ನಿಮ್ಮ ಡಬ್ಬೀಲಿ ಮೇಲಿದ್ದಿದ್ದು."

ಹೆಬ್ಬೆರಳು ನಿಂತಿತು.

"ಯಾರು?"

"ನಾನು. ನೀವು ಊಟಕ್ಕೆ ಹೋಗಿದ್ರಿ."

ಒಳಗೆ ರಾಟೆಯ ಸದ್ದು ನಿಂತಿತು. ಮಾವ ಬೈಯುತ್ತಾರೆ ಅಂತ ತಲೆ ತಗ್ಗಿಸಿ ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು.

"ಕೈ ಒರೆಸ್ಕೊಳ್ಳೋಕೆ ಮುಂಚೆ ಕೂಗ್ಬೇಕಿತ್ತು ಕಣಪ್ಪಾ" ಅಂದರು. ಕಣಲೇ ಅನ್ನಲಿಲ್ಲ. ಕಣಪ್ಪಾ ಅಂದರು, ಪರವೂರಿನ ಗಿರಾಕಿಗೆ ಅನ್ನುವ ಹಾಗೆ.

"ತಪ್ಪಾಯ್ತು ಮಾವ. ಸಿಟ್ಟಲ್ಲಿ ಮಾಡ್ದೆ, ಆಮೇಲೆ ಬಾಯೇ ಬರ್ಲಿಲ್ಲ." ನನ್ನ ಮಾತು ನನಗೇ ಹೇಸಿಗೆಯಾಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಮಾವ ಏನೋ ಲೆಕ್ಕ ಹಾಕುವವರಂತೆ ರಸ್ತೆ ನೋಡುತ್ತಿದ್ದರು. "ಹಂಗಾದ್ರೆ ಆವತ್ತು ನನ್ನ ಕೈ ಸರಿ ಇತ್ತು."

"ಸರಿ ಇತ್ತು ಮಾವ."

"ಮಾರನೇ ವರ್ಷ? ಮಾರಕ್ಕ ಹುಟ್ಟಿದಾಗ?"

ಈ ಪ್ರಶ್ನೆಯನ್ನು ನಾನು ದಾರಿಯಲ್ಲಿ ಎಲ್ಲೂ ಯೋಚಿಸಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆಗಲೇ ಶುರುವಾಗಿತ್ತೇನೋ ಮಾವ ಅಂದಿದ್ದರೆ ಅವರಿಗೆ ಒಂದಿಷ್ಟು ಉಳಿಯುತ್ತಿತ್ತು. ಹೇಳಬೇಕಾದಾಗ ನಿಜ ಹೇಳದವನಿಗೆ, ಸುಳ್ಳು ಬೇಕಾದಾಗ ಅದೂ ಬರಲಿಲ್ಲ.

"ಸರಿ ಇತ್ತು" ಅಂದೆ.

ಅತ್ತೆ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ ಅಂತ ಅವಳ ಮುಖವೇ ಹೇಳುತ್ತಿತ್ತು. ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಶಾಲೆ ಬಿಟ್ಟು ಮಾರಕ್ಕ ಓಡಿ ಬಂದಳು. ಬ್ಯಾಗನ್ನು ತಾತನ ಪಕ್ಕ ಎಸೆದು, "ತಾತ, ಇವತ್ತು ಓಟದಾಗೆ ನಾನೇ ಫಸ್ಟು" ಅಂತ ಕೂಗಿ, ನೀರು ಕುಡಿಯಲು ಒಳಗೆ ಹೋದಳು. ಆರು ತುಂಬಿದೆ, ವಯಸ್ಸಿಗಿಂತ ಉದ್ದ ಬೆಳೆದಿದ್ದಾಳೆ. ಯಾರಾದರೂ ಎತ್ತಿಕೊಳ್ಳಲು ಬಂದರೆ ನಾಚಿಕೆಯಿಂದ ಕೊಸರಿಕೊಳ್ಳುವ ಹುಡುಗಿ.

ಮಾವ ಅವಳು ಹೋದ ಬಾಗಿಲನ್ನೇ ನೋಡುತ್ತ ಕೇಳಿದರು, "ಸೂರೀ, ಕೂಸು ಹುಟ್ಟಿದಾಗ ಎಷ್ಟು ತೂಕ ಇತ್ತೇ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎರಡೂ ಮುಕ್ಕಾಲು ಕೇಜಿ."

ಮಾವ ಎಡಗೈಯನ್ನೂ ತೊಡೆಯ ಕೆಳಗಿನಿಂದ ಎಳೆದುಕೊಂಡರು. ಸ್ಟಡ್ಡಿನ ಚೂರನ್ನು ಜಗಲಿಯ ಮೇಲೆ ಇಟ್ಟು ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದರು, ಸಂತೆಯಲ್ಲಿ ತೂಕ ಹೇಳುವಾಗ ಹಿಡಿಯುತ್ತಿದ್ದ ಹಾಗೆ. ಕಣ್ಣು ಮುಚ್ಚಿದರು. ಕೈ ಎರಡೂ ನಡುಗುತ್ತಿದ್ದವು, ಮೊಣಕೈವರೆಗೂ ನಡುಗುತ್ತಿದ್ದವು. ಹಿಡಿದುಕೊಳ್ಳೋಣ ಅಂತ ನಾನು ಕೈ ಮುಂದೆ ಮಾಡಿದೆ.

"ಮುಟ್ಟಬ್ಯಾಡ" ಅಂದರು.

ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ತಲೆ ಅಲ್ಲಾಡಿಸಿದರು.

"ಏನೂ ಗೊತ್ತಾಗ್ತಿಲ್ಲ ಕಣೇ ಸೂರೀ."